ಮಳೆಗಾಲದಲ್ಲಿ ಶಾಲೆಯ ಸಭಾಂಗಣದೊಳಗೆ ಕ್ರಿಕೆಟ್ ಅಭ್ಯಾಸ: ಯಾವ ಚೆಂಡು ತರಿಸುವುದು?

ಸಾಗರದ ಮೇಷ್ಟ್ರು (ಪ್ರಶ್ನೆ)

ನಾನು ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇರುವುದರಿಂದ ಕ್ರಿಕೆಟ್ ತಂಡದ ಹೊಣೆಯೂ ಎರಡು ವರ್ಷಗಳಿಂದ ನನ್ನ ಹೆಗಲಿಗೆ ಬಿದ್ದಿದೆ. ತಂಡದಲ್ಲಿ 13ರಿಂದ 15 ವರ್ಷದೊಳಗಿನ ಹದಿನಾಲ್ಕು ಹುಡುಗರಿದ್ದಾರೆ. ಈ ವರ್ಷ ಆರು ಹುಡುಗಿಯರೂ ಸೇರಿಕೊಂಡಿದ್ದಾರೆ. ನಮ್ಮ ಕಡೆಯ ಮಳೆಯ ವಿಷಯ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್ ತಿಂಗಳ ನಡುವೆ ಹಿಡಿದ ಮಳೆ ಗಣಪತಿ ಹಬ್ಬ ಹತ್ತಿರವಾಗುವ ತನಕ ಮೈದಾನಕ್ಕೆ ಕಾಲಿಡಲು ಬಿಡುವುದಿಲ್ಲ; ಮಳೆ ಬಿಟ್ಟ ಎರಡು ಮೂರು ವಾರಗಳಲ್ಲೇ ಲೆದರ್ ಬಾಲಿನ ಪಂದ್ಯಗಳು ಎದುರಿಗೆ ಬಂದು ನಿಲ್ಲುತ್ತವೆ.

ಆದ್ದರಿಂದ ಮೂರು ತಿಂಗಳ ಅಭ್ಯಾಸವೆಲ್ಲ ಶಾಲೆಯ ಸಭಾಂಗಣದಲ್ಲೇ ನಡೆಯಬೇಕು. ಸಭಾಂಗಣದ ಉದ್ದ 52 ಅಡಿ, ಅಗಲ 24 ಅಡಿ. ನೆಲಕ್ಕೆ ಸಿಮೆಂಟು, ಅದರ ಮೇಲೆ ಹಳೆಯ ಕಾಲದ ಕೆಂಪು ಗಾರೆಯ ನುಣುಪು, ಮಾಡಿಗೆ ತಗಡು, ಎರಡೂ ಬದಿಯಲ್ಲಿ ಗಾಜಿನ ಕಿಟಕಿಗಳು. ಹಳೆಯ ವಿದ್ಯಾರ್ಥಿಗಳು ಕೊಡಿಸಿದ ನೈಲಾನ್ ಬಲೆಯೊಂದನ್ನು ಮೂರು ಕಡೆ ಕಟ್ಟಿದ್ದೇವೆ. ಬಲೆಗೆ, ಬ್ಯಾಟ್ ಮಾಡುವವರ ಹಿಂದಿನ ಜಾಗಕ್ಕೆ ಬಿಟ್ಟು ಉಳಿದರೆ ಚೆಂಡು ಎಸೆಯುವವರಿಗೂ ಬ್ಯಾಟ್ ಹಿಡಿದವರಿಗೂ ನಡುವೆ ಸುಮಾರು 12 ಮೀಟರ್ ಸಿಗುತ್ತದೆ.

ಹೋದ ವರ್ಷ ಮಾಡಿದ ತಪ್ಪುಗಳನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಂದ್ಯ ಲೆದರ್ ಬಾಲಿನಲ್ಲಿ ನಡೆಯುವುದರಿಂದ ಅಭ್ಯಾಸವೂ ಅದರಲ್ಲೇ ಆಗಲಿ ಎಂದು ಒಂದು ಡಜನ್ ಅಗ್ಗದ ಲೆದರ್ ಚೆಂಡು ತರಿಸಿದೆ. ಎರಡೇ ವಾರದಲ್ಲಿ ಅವುಗಳ ಸೀಮಿನ (ಚೆಂಡಿನ ನಡುವಿನ ಉಬ್ಬು ಹೊಲಿಗೆಯ) ದಾರ ಕಿತ್ತು, ಮೈ ತರಚಿ, ನೋಡಿದರೆ ನಾಯಿ ಕಚ್ಚಿದ ಹಾಗಿದ್ದವು. ಒಂದು ಕಿಟಕಿಯ ಗಾಜು ಹೋಯಿತು. ತಗಡಿಗೆ ಬಡಿದ ಸದ್ದಿಗೆ ಪಕ್ಕದ ತರಗತಿಯ ಕನ್ನಡ ಮೇಡಂ ಬಂದು ಬಾಗಿಲಲ್ಲಿ ನಿಂತರು. ಆಮೇಲೆ ಹೆದರಿ ಮಾಮೂಲಿ ಟೆನಿಸ್ ಬಾಲಿಗೆ ಬಂದೆವು. ಮಕ್ಕಳಿಗೆ ಬಹಳ ಖುಷಿಯಾಯಿತು. ಆದರೆ ಸೆಪ್ಟೆಂಬರಿನಲ್ಲಿ ಮೊದಲ ಪಂದ್ಯಕ್ಕೆ ಇಳಿದಾಗ, ಮಳೆಗಾಲವಿಡೀ ಎದೆಮಟ್ಟದ ಚೆಂಡನ್ನು ಎಳೆದು ಹೊಡೆಯುತ್ತಿದ್ದ ನಮ್ಮ ಹುಡುಗರು ಮೊಣಕಾಲ ಕೆಳಗೆ ಬಂದ ಚೆಂಡಿಗೆ ಒಬ್ಬರ ಹಿಂದೊಬ್ಬರಂತೆ ಬೌಲ್ಡ್ ಆದರು.

ಈ ಸಲ ಶಾಲಾಭಿವೃದ್ಧಿ ಸಮಿತಿಯವರು ಸ್ವಲ್ಪ ಹಣ ಮಂಜೂರು ಮಾಡಿದ್ದಾರೆ, ಅದೂ ಒಂದೇ ಸಲಕ್ಕೆ. ಹಾರ್ಡ್ ಟೆನಿಸ್, ಸಿಂಥೆಟಿಕ್, ರಬ್ಬರ್, ಕಾರ್ಕ್, ವಿಂಡ್ ಬಾಲ್ ಎಂದು ಅಂಗಡಿಯವರು ಹತ್ತು ಹೆಸರು ಹೇಳುತ್ತಾರೆ. ಇಂಥ ನೆಲದ ಮೇಲೆ, ಇಷ್ಟು ಜಾಗದಲ್ಲಿ, ಈ ವಯಸ್ಸಿನ ಮಕ್ಕಳಿಗೆ ಯಾವುದನ್ನು ಕೊಳ್ಳುವುದು ಸರಿ ಎಂದು ಅನುಭವ ಇದ್ದವರು ತಿಳಿಸಬೇಕಾಗಿ ಕೋರುತ್ತೇನೆ.

ನೆಟ್ಸ್ ಹಿಂದಿನವನು (ಉತ್ತರ)

ಮೇಷ್ಟ್ರೇ, ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷಗಳಿಂದ ಮಕ್ಕಳಿಗೆ ತರಬೇತಿ ಕೊಡುತ್ತಿದ್ದೇನೆ. ಅದರಲ್ಲಿ ನಾಲ್ಕು ವರ್ಷ ಒಂದು ಹಳೆಯ ಗೋದಾಮಿನೊಳಗೆ ನಡೆಸಿದ ಅಭ್ಯಾಸವಾದ್ದರಿಂದ ನಿಮ್ಮ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನೀವು ಚೆಂಡಿನ ಬಗ್ಗೆ ಕೇಳಿದ್ದೀರಿ. ಆದರೆ ನಿಮ್ಮ ಹಣದ ಮೊದಲ ಪಾಲು ಚೆಂಡಿಗೆ ಹೋಗಬಾರದು, ನೆಲಕ್ಕೆ ಹೋಗಬೇಕು. ನುಣುಪು ಗಾರೆಯ ಮೇಲೆ ಯಾವ ಚೆಂಡನ್ನು ಎಸೆದರೂ ಅದು ನೆಲ ಹಿಡಿಯದೆ ಜಾರುತ್ತದೆ, ಇಲ್ಲವೇ ಅಗತ್ಯಕ್ಕಿಂತ ಎತ್ತರಕ್ಕೆ ಪುಟಿಯುತ್ತದೆ. ತೆಂಗಿನ ನಾರಿನ ಮ್ಯಾಟು ಇಡೀ ಪಿಚ್ಚಿಗೆ ಬೇಕಾಗಿಲ್ಲ. ಚೆಂಡು ಬೀಳುವ ಜಾಗಕ್ಕೆ ಐದಾರು ಮೀಟರ್ ಉದ್ದದ ಒಂದು ತುಂಡು ಸಾಕು. ಅದನ್ನು ಬಿಗಿಯಾಗಿ ಎಳೆದು, ಅಂಚು ಮಡಚದ ಹಾಗೆ ಭಾರ ಹೇರಿ ಹಾಸಿಕೊಂಡರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇನ್ನು ಚೆಂಡಿನ ಮಾತು. ನೀವು ಗಣಿತದವರಾದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿ ಕ್ಲಬ್ಬಿನ 2017ರ ನಿಯಮಾವಳಿಯ ಪ್ರಕಾರ ಪುರುಷರ ಪಂದ್ಯದ ಹೊಸ ಚೆಂಡು 155.9ರಿಂದ 163 ಗ್ರಾಂ ತೂಗಬೇಕು, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಇರಬೇಕು. ಟೆನಿಸ್ ಆಟದ ಮಾಮೂಲಿ ಚೆಂಡು 56ರಿಂದ 59.4 ಗ್ರಾಂ ಅಷ್ಟೇ. ಎರಡರ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿದ್ದರೂ ತೂಕ ಮಾತ್ರ ಮೂರನೆಯ ಒಂದು ಭಾಗವಾದ್ದರಿಂದ ಟೆನಿಸ್ ಬಾಲು ಗಾಳಿಯಲ್ಲಿ ಬಹಳ ಬೇಗ ವೇಗ ಕಳೆದುಕೊಳ್ಳುತ್ತದೆ. ಅದರ ಮೈಮೇಲಿನ ಜುಂಗು ಈ ನಷ್ಟವನ್ನು ಇನ್ನೂ ಹೆಚ್ಚಿಸುತ್ತದೆ. ಕೈಯಿಂದ ಹೊರಟಾಗ ವೇಗವಾಗಿ ಕಂಡ ಚೆಂಡು ಬ್ಯಾಟಿನ ಹತ್ತಿರ ಬರುವಾಗ ನಿಧಾನವಾಗುವುದರಿಂದ, ಅದಕ್ಕೆ ಒಗ್ಗಿದ ಮಕ್ಕಳು ಕಾದು ಆಡುವುದನ್ನು ಕಲಿಯುತ್ತಾರೆ, ಲೆದರ್ ಬಾಲು ಬಂದಾಗ ತಡವಾಗಿ ಬ್ಯಾಟ್ ಇಳಿಸುತ್ತಾರೆ.

ಪುಟಿತದ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಟೆನಿಸ್ ಬಾಲನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಸಾಮಾನ್ಯವಾಗಿ 135ರಿಂದ 147 ಸೆಂಟಿಮೀಟರ್ ಮೇಲೆ ಬರಬೇಕೆಂಬುದು ಟೆನಿಸ್ ಒಕ್ಕೂಟದ ಅಳತೆ. ಎಂದರೆ ಬಿಟ್ಟ ಎತ್ತರದ ಅರ್ಧಕ್ಕಿಂತ ಹೆಚ್ಚು. ಲೆದರ್ ಬಾಲು ಅದೇ ನೆಲದ ಮೇಲೆ ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ ಏಳುತ್ತದೆ. ನಿಮ್ಮ ಹುಡುಗರು ಸೆಪ್ಟೆಂಬರಿನಲ್ಲಿ ಬೌಲ್ಡ್ ಆದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ. ಚೆಂಡು ಕೊಳ್ಳುವ ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡು ಮೀಟರ್ ಎತ್ತರಕ್ಕೆ ಒಂದು ಗೆರೆ, ಎಪ್ಪತ್ತು ಸೆಂಟಿಮೀಟರಿಗೆ ಇನ್ನೊಂದು ಗೆರೆ ಎಳೆಯಿರಿ. ಅಂಗಡಿಯಿಂದ ಪ್ರತಿ ಬಗೆಯ ಒಂದೊಂದು ಚೆಂಡು ತಂದು ಮೇಲಿನ ಗೆರೆಯಿಂದ ಬಿಡಿ. ಕೆಳಗಿನ ಗೆರೆಯ ಆಸುಪಾಸಿನಲ್ಲಿ ನಿಲ್ಲುವ ಚೆಂಡು ಪಂದ್ಯಕ್ಕೆ ಹತ್ತಿರದ್ದು. ಒಂದು ಮೀಟರ್ ದಾಟಿದ್ದು ಆಟಕ್ಕೆ ಸರಿ, ಅಭ್ಯಾಸಕ್ಕಲ್ಲ.

ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಅಚ್ಚಿನಲ್ಲಿ ಎರಕ ಹೊಯ್ದ, ಸೀಮು ಉಬ್ಬಿರುವ, ಹೊರಮೈ ಸ್ವಲ್ಪ ಮೆತ್ತಗಿರುವ ಸಿಂಥೆಟಿಕ್ ಬಾಲು. ಅದು ನೀರು ಕುಡಿಯುವುದಿಲ್ಲ, ದಾರ ಕೀಳುವುದಿಲ್ಲ, ತೂಕವೂ ಲೆದರ್ ಬಾಲಿಗೆ ಹತ್ತಿರ ಇರುತ್ತದೆ. ಆದರೆ ಸಿಂಥೆಟಿಕ್ ಎಂಬ ಒಂದೇ ಹೆಸರಿನಲ್ಲಿ ಕಲ್ಲಿನಂತಹ ಗಟ್ಟಿ ಚೆಂಡುಗಳೂ ಮಾರಾಟವಾಗುತ್ತವೆ. ಹೆಬ್ಬೆರಳಿನಿಂದ ಒತ್ತಿದರೆ ಕೂದಲೆಳೆಯಷ್ಟಾದರೂ ತಗ್ಗಬೇಕು. ತಗ್ಗದಿದ್ದರೆ ಬ್ಯಾಟು ಸೀಳುವುದು ಖಂಡಿತ. ಟೊಳ್ಳಾದ ವಿಂಡ್ ಬಾಲು ಇನ್ನೂ ಸುರಕ್ಷಿತ, ಹತ್ತು ವರ್ಷದ ಮಕ್ಕಳಿಗೆ ಅದೇ ಸಾಕು. ನಿಮ್ಮ ವಯಸ್ಸಿನವರಿಗೆ ಹಗುರವಾಯಿತು. ಕಾರ್ಕ್ ಬಾಲನ್ನು ಮಾತ್ರ ಸಭಾಂಗಣದ ಬಾಗಿಲೊಳಗೆ ಬಿಡಬೇಡಿ. ಅದರ ಪುಟಿತ, ಅದರ ಪೆಟ್ಟು ಎರಡೂ ಕೆಟ್ಟವು.

ಹನ್ನೆರಡು ಮೀಟರ್ ದೂರದ ಬಗ್ಗೆ ಒಂದು ಮಾತು. ಪಂದ್ಯದಲ್ಲಿ ಒಂದು ಕ್ರೀಸಿನಿಂದ (ಬ್ಯಾಟರ್ ನಿಲ್ಲುವ ಗೆರೆಯಿಂದ) ಇನ್ನೊಂದು ತುದಿಯ ಕ್ರೀಸಿಗೆ 17.68 ಮೀಟರ್. ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡಿಗೆ ಅಷ್ಟು ದೂರ ಬರಲು ಸುಮಾರು 0.7 ಸೆಕೆಂಡು ಬೇಕು. ಹನ್ನೆರಡು ಮೀಟರಿನಿಂದ ಗಂಟೆಗೆ 61 ಕಿಲೋಮೀಟರ್ ವೇಗದಲ್ಲಿ ಎಸೆದರೂ ಬ್ಯಾಟ್ ಹಿಡಿದವರಿಗೆ ಸಿಗುವುದು ಅಷ್ಟೇ ಸಮಯ. ಆದ್ದರಿಂದ ನೀವೇ ನಿಂತು ಸಾಧಾರಣ ಬಿರುಸಿನಲ್ಲಿ ಕೈಯೆಸೆತ ಕೊಟ್ಟರೆ ಸಾಕು, ಓಡಿ ಬಂದು ಬೌಲ್ ಮಾಡುವವರ ಅಗತ್ಯವೇ ಇಲ್ಲ. ಭುಜ ನೋಯುತ್ತದೆ ಎಂದಾದರೆ ಉದ್ದ ಹಿಡಿಯ ಚಮಚದಂತಿರುವ ಸೈಡ್ ಆರ್ಮ್ ಒಂದನ್ನು ಕೊಳ್ಳಿ. ಭಾರತ ತಂಡದ ಬ್ಯಾಟರುಗಳಿಗೆ ವರ್ಷಗಟ್ಟಲೆ ಅದರಿಂದಲೇ ಚೆಂಡೆಸೆದ ರಾಘವೇಂದ್ರ ಅವರು ನಿಮ್ಮ ಘಟ್ಟದ ಕೆಳಗಿನ ಕುಮಟಾದವರು. ಆದರೆ ಸೈಡ್ ಆರ್ಮ್ ಕೈಗೆ ಒಗ್ಗಲು ಒಂದು ತಿಂಗಳು ಬೇಕು, ಅಲ್ಲಿಯ ತನಕ ಎದುರಿಗೆ ಮಕ್ಕಳನ್ನು ನಿಲ್ಲಿಸಬೇಡಿ.

ಮ್ಯಾಟಿಂಗ್ ಕಾಲದವನು (ಉತ್ತರ)

ಮೇಲಿನವರು ಹೇಳಿದ ಮ್ಯಾಟಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಲೆದರ್ ಬಾಲನ್ನು ಹೊರಗಿಟ್ಟ ಮಾತಿಗೆ ಇಲ್ಲ. ನಾವು ಬೆಂಗಳೂರಿನಲ್ಲಿ ಲೀಗ್ ಆಡುತ್ತಿದ್ದ ಕಾಲದಲ್ಲಿ ಬಹುಪಾಲು ಪಂದ್ಯಗಳು ನಡೆಯುತ್ತಿದ್ದದ್ದೇ ಮ್ಯಾಟಿನ ಮೇಲೆ, ಅಭ್ಯಾಸ ನಡೆಯುತ್ತಿದ್ದದ್ದೂ ಅದರ ಮೇಲೆ, ಚೆಂಡು ಲೆದರಿನದ್ದೇ. ಮ್ಯಾಟಿನ ಮೇಲೆ ಬಿದ್ದ ಲೆದರ್ ಬಾಲು ಸಿಮೆಂಟಿನ ಮೇಲೆ ಬಿದ್ದದ್ದರಂತೆ ತರಚಿ ಹೋಗುವುದಿಲ್ಲ. ಮೇಷ್ಟ್ರು ಹಾಳುಮಾಡಿಕೊಂಡದ್ದು ಬರಿಯ ಗಾರೆಯ ಮೇಲೆ ಎಸೆದದ್ದರಿಂದ, ಅದರಲ್ಲಿ ಚೆಂಡಿನ ತಪ್ಪೇನೂ ಇಲ್ಲ.

ಪುಟಿತ, ತೂಕ ಎಂದು ಎಷ್ಟು ಲೆಕ್ಕ ಹಾಕಿದರೂ ಸಿಂಥೆಟಿಕ್ ಬಾಲಿನಲ್ಲಿ ಬಾರದ ಒಂದು ವಸ್ತುವಿದೆ, ಅದು ಹೆದರಿಕೆ. ಮೂರು ತಿಂಗಳು ಮೆತ್ತನೆಯ ಚೆಂಡಿನೆದುರು ಮುಂಗಾಲಿಟ್ಟು ಆಡಿದ ಹುಡುಗ ಗಟ್ಟಿ ಚೆಂಡು ಪಕ್ಕೆಗೆ ಒಮ್ಮೆ ತಗುಲಿದ ಕೂಡಲೇ ಲೆಗ್ ಸ್ಟಂಪಿನ ಹೊರಗೆ ಸರಿಯಲು ಶುರುಮಾಡುತ್ತಾನೆ; ಆ ರೋಗ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಬೌಲರುಗಳ ಮಾತು ಕೇಳಿದರೆ ನಷ್ಟ ಇನ್ನೂ ಹೆಚ್ಚು. ಆಫ್ ಸ್ಪಿನ್ ಹಾಕುವವನ ತೋರುಬೆರಳು ಸೀಮಿನ ದಾರದ ಮೇಲೆ ಉಜ್ಜಿ ಉಜ್ಜಿ ಗಂಟುಗಟ್ಟಬೇಕು. ಅಚ್ಚಿನಲ್ಲಿ ಹೊಯ್ದ ಸೀಮಿನ ಮೇಲೆ ಬೆರಳಿಗೆ ಆ ಹಿಡಿತ ಸಿಗುವುದಿಲ್ಲ. ಬೆವರು ಬಂದರಂತೂ ಸೋಪು ಹಿಡಿದ ಹಾಗೆ ಜಾರುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ವಾರದಲ್ಲಿ ಒಂದು ದಿನವಾದರೂ ಪ್ಯಾಡು, ಗ್ಲೌಸು, ಹೆಲ್ಮೆಟ್ಟು ಎಲ್ಲ ಕಟ್ಟಿಸಿ, ಮ್ಯಾಟು ಹಾಸಿ, ಲೆದರ್ ಬಾಲಿನಲ್ಲೇ ಆಡಿಸಿ. ಅದಕ್ಕೆ ಹೊಸ ಚೆಂಡು ಬೇಕಾಗಿಲ್ಲ. ಊರಿನ ಕ್ಲಬ್ಬುಗಳಲ್ಲಿ ಪಂದ್ಯ ಮುಗಿದ ಮೇಲೆ ಮೂಲೆಗೆ ಬಿದ್ದಿರುವ ಹಳೆಯ ಚೆಂಡುಗಳನ್ನು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಕೊಳ್ಳಲೇಬೇಕಾದರೆ ನಾಲ್ಕು ತುಂಡು ಚರ್ಮದಿಂದ ಮಾಡಿದ ಚೆಂಡನ್ನು ಕೊಳ್ಳಿ. ಎರಡು ತುಂಡಿನ ಅಗ್ಗದ ಚೆಂಡುಗಳು ಬೇಗ ಆಕಾರ ಕೆಡುತ್ತವೆ. ಮೇಷ್ಟ್ರು ಹೋದ ವರ್ಷ ತಂದದ್ದು ಬಹುಶಃ ಅವೇ ಇರಬೇಕು.

ನೆಟ್ಸ್ ಹಿಂದಿನವನು (ಮರುಉತ್ತರ)

ಹಿರಿಯರ ಮಾತನ್ನು ಅರ್ಧ ಒಪ್ಪುತ್ತೇನೆ. ಹೆದರಿಕೆಯ ವಿಷಯ ನಿಜ. ಆದರೆ ಅವರು ಆಡಿದ್ದು ಬಯಲಿನಲ್ಲಿ ಹಾಸಿದ ಮ್ಯಾಟಿನ ಮೇಲೆ, 22 ಗಜ ದೂರದಿಂದ. ಮೇಷ್ಟ್ರಿಗಿರುವುದು 12 ಮೀಟರ್, ಸುತ್ತ ಗೋಡೆ, ಮೇಲೆ ತಗಡು. ಗೋಡೆಗೆ ಬಡಿದು ಹಿಂದಿರುಗಿ ಬಂದ ಲೆದರ್ ಬಾಲು ಪ್ಯಾಡು ಕಟ್ಟದೆ ಸಾಲಿನಲ್ಲಿ ಕಾಯುತ್ತ ಕೂತ ಮಗುವಿಗೆ ತಗುಲುವುದನ್ನು ನಾನು ಗೋದಾಮಿನಲ್ಲಿ ಕಣ್ಣಾರೆ ಕಂಡಿದ್ದೇನೆ, ಆ ಮಗುವಿನ ತಾಯಿಗೆ ಉತ್ತರ ಕೊಟ್ಟವನೂ ನಾನೇ. ಸ್ಪಿನ್ನರುಗಳ ಬೆರಳಿಗೆ ಲೆದರ್ ಬಾಲು ಬೇಕೇ ಬೇಕು, ಆದರೆ ಅದಕ್ಕೆ ಪಿಚ್ಚು ಬೇಕಾಗಿಲ್ಲ. ಇಬ್ಬರು ಹುಡುಗರು ಏಳೆಂಟು ಮೀಟರ್ ದೂರದಲ್ಲಿ ಎದುರುಬದುರು ನಿಂತು, ಚೆಂಡನ್ನು ನೆಲಕ್ಕೆ ತಾಗಿಸದೆ, ಸೀಮು ನೆಟ್ಟಗೆ ತಿರುಗುವ ಹಾಗೆ ಒಬ್ಬರಿಂದೊಬ್ಬರಿಗೆ ತಿರುವಿ ಹಾಕುತ್ತಿದ್ದರೆ ಬೆರಳೂ ಮಣಿಕಟ್ಟೂ ಪಳಗುತ್ತವೆ. ಸೀಮು ವಾಲಿದರೆ ಹಿಡಿಯುವವನಿಗೆ ಅಲ್ಲೇ ಕಾಣುತ್ತದೆ.

ಸ್ಟಂಪ್ ಹಿಂದಿನವಳು (ಉತ್ತರ)

ಹುಡುಗಿಯರ ಬಗ್ಗೆ ಇಬ್ಬರೂ ಒಂದಕ್ಷರ ಬರೆಯಲಿಲ್ಲವಾದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ. ನಾನು ವಿಶ್ವವಿದ್ಯಾಲಯದ ತಂಡಕ್ಕೆ ಮೂರು ವರ್ಷ ವಿಕೆಟ್ ಕೀಪಿಂಗ್ ಮಾಡಿದವಳು. ಮಹಿಳೆಯರ ಪಂದ್ಯದ ಚೆಂಡು 140ರಿಂದ 151 ಗ್ರಾಂ, ಸುತ್ತಳತೆ 21ರಿಂದ 22.5 ಸೆಂಟಿಮೀಟರ್. ಹದಿಮೂರು ವರ್ಷದೊಳಗಿನವರ ಚೆಂಡು 133ರಿಂದ 144 ಗ್ರಾಂ. ಹುಡುಗರ ಜೊತೆಗೆ ಒಂದೇ ಬುಟ್ಟಿಯಿಂದ ಚೆಂಡು ಹಂಚಿದರೆ ಹುಡುಗಿಯರು ಮಳೆಗಾಲವಿಡೀ ತಮ್ಮ ಪಂದ್ಯದಲ್ಲಿ ಇಲ್ಲದ ಚೆಂಡಿಗೆ ಬೆರಳು ಒಗ್ಗಿಸಿಕೊಳ್ಳುತ್ತಾರೆ. ನಾನೇ ಹಾಗೆ ಕಲಿತು, ಆಮೇಲೆ ಬಿಡಿಸಿಕೊಳ್ಳಲು ಒದ್ದಾಡಿದ್ದೇನೆ. ಸಿಂಥೆಟಿಕ್ ಬಾಲುಗಳೂ ಎರಡು ಮೂರು ತೂಕಗಳಲ್ಲಿ ಸಿಗುತ್ತವೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಹುಡುಗಿಯರ ಚೆಂಡಿಗೆ ಬಣ್ಣದ ಚುಕ್ಕೆ ಇಡಿ. ಪೊಟ್ಟಣದ ಮೇಲೆ ಬರೆದ ತೂಕವನ್ನು ನಂಬಬೇಡಿ.

ಇದಕ್ಕಿಂತ ಮುಖ್ಯವಾದದ್ದು ಹೆಲ್ಮೆಟ್ಟಿನ ಜಾಲರಿ. ಚಿಕ್ಕ ಚೆಂಡು ಎಂದರೆ ಸುರಕ್ಷಿತ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ದೊಡ್ಡ ಚೆಂಡನ್ನು ತಡೆಯುವ ಜಾಲರಿಯ ಸಂದಿಯಲ್ಲಿ ಚಿಕ್ಕ ಚೆಂಡು ತೂರಬಹುದು. 2013ರ ಬ್ರಿಟಿಷ್ ಹೆಲ್ಮೆಟ್ ಮಾನದಂಡದಲ್ಲಿ ಪುರುಷರ ಚೆಂಡಿಗೂ ಕಿರಿಯರ ಚೆಂಡಿಗೂ ಜಾಲರಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸುವುದು ಇದೇ ಕಾರಣಕ್ಕೆ. ಟೆನಿಸ್ ಬಾಲು ಬಿದ್ದಾಗ ಚಪ್ಪಟೆಯಾಗುವುದರಿಂದ ಅದೂ ನುಸುಳಬಹುದು. ನೀವು ಕೊಂಡ ಚೆಂಡನ್ನು ಹೆಲ್ಮೆಟ್ಟಿನ ಸಂದಿಗೆ ಹಿಡಿದು ಬಲವಾಗಿ ಒತ್ತಿ ನೋಡಿ. ಒಳಗೆ ಹೋಗುವ ಲಕ್ಷಣ ಕಂಡರೆ ಸಂದಿ ಕಿರಿದು ಮಾಡಬೇಕು, ಆಗದಿದ್ದರೆ ಆ ಹೆಲ್ಮೆಟ್ಟನ್ನು ಬಿಡಬೇಕು.

ಬೆಳಕಿನ ಬಗ್ಗೆ ಮೇಷ್ಟ್ರು ಏನೂ ಬರೆದಿಲ್ಲ. ಮಲೆನಾಡಿನಲ್ಲಿ ಜುಲೈ ತಿಂಗಳ ಸಂಜೆ ನಾಲ್ಕಕ್ಕೇ ಸಭಾಂಗಣ ಗವಿಯಂತಾಗುತ್ತದೆ, ಕರೆಂಟು ಇದ್ದರೆ ಪುಣ್ಯ. ಕೆಂಪು ಗಾರೆಯ ನೆಲದ ಮೇಲೆ, ಕಂದು ಮ್ಯಾಟಿನ ಮೇಲೆ ಕೆಂಪು ಚೆಂಡು ಎಸೆದರೆ ಪುಟಿದ ಮೇಲೆ ಅದು ಕಣ್ಣಿಗೆ ಸಿಗುವುದೇ ಕಷ್ಟ. ಹಗಲುರಾತ್ರಿ ಟೆಸ್ಟಿಗೆಂದು ಕೆಂಪನ್ನು ಬಿಟ್ಟು ಗುಲಾಬಿ ಬಣ್ಣಕ್ಕೆ ಹೋದದ್ದೂ ದೀಪದ ಬೆಳಕಿನಲ್ಲಿ ಕೆಂಪು ಸರಿಯಾಗಿ ಕಾಣದೆ. 2015ರಲ್ಲಿ ಅಡಿಲೇಡ್‌ನಲ್ಲಿ ಮೊದಲು ಬಂದ ಆ ಚೆಂಡನ್ನು 2022ರ ಮಾರ್ಚಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೂ ಶ್ರೀಲಂಕಾ ವಿರುದ್ಧದ ಟೆಸ್ಟಿನಲ್ಲಿ ನೋಡಿದೆವು. ನಿಮ್ಮ ಗೋಡೆಗೆ ಬಿಳಿ ಸುಣ್ಣ ಬಳಿದಿದ್ದರೆ ಬಿಳಿ ಚೆಂಡೂ ಬೇಡ. ಗುಲಾಬಿಯೋ ಕಿತ್ತಳೆಯೋ ತರಿಸಿ. ಬಲೆಯ ಹಿಂದೆ ಎಸೆಯುವವರ ಕಡೆಗೆ ಒಂದು ಕಪ್ಪು ಬಟ್ಟೆ ಇಳಿಬಿಟ್ಟರೆ ಇನ್ನೂ ಚೆನ್ನ.

ಕೀಪರ್ ಆಗುವ ಮಗು ಯಾರಾದರೂ ಇದ್ದರೆ ಒಂದು ಗಾಲ್ಫ್ ಚೆಂಡು ಕೊಡಿಸಿ ಗೋಡೆಯ ಮುಂದೆ ಬಿಡಿ. ಆಸ್ಟ್ರೇಲಿಯಾದ ಹೆಸರಾಂತ ಬ್ಯಾಟರ್ ಬ್ರಾಡ್ಮನ್ ಅವರು ಬೌರಲ್ ಊರಿನ ಮನೆಯ ಹಿತ್ತಲಲ್ಲಿ ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅದು ಹಿಂದಿರುಗುವಾಗ ಬರಿಯ ಸ್ಟಂಪಿನಿಂದ ಹೊಡೆಯುತ್ತಿದ್ದರೆಂಬ ಕಥೆ ಎಲ್ಲರಿಗೂ ಗೊತ್ತು. ಸ್ಟಂಪಿನಿಂದ ಹೊಡೆಯುವುದು ನಮ್ಮಂಥವರಿಗೆ ಆಗದ ಮಾತು, ಆದರೆ ಅದೇ ಚೆಂಡನ್ನು ಬರಿಗೈಯಲ್ಲಿ ಮೆತ್ತಗೆ ಹಿಡಿಯುವುದನ್ನು ಕಲಿತರೆ ಗ್ಲೌಸ್ ತೊಟ್ಟಾಗ ಕ್ರಿಕೆಟ್ ಬಾಲು ಕಲ್ಲಂಗಡಿಯಷ್ಟು ದೊಡ್ಡದಾಗಿ ಕಾಣುತ್ತದೆ.

ಸಾಗರದ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ನಡುವೆ ಒಂದು ಉಪಪ್ರಶ್ನೆ ಕೇಳಬೇಕಾಗಿದೆ. ಪಕ್ಕದ ಊರಿನ ಒಬ್ಬ ಉದ್ಯಮಿ ತಮ್ಮ ಮಗ ಬಿಟ್ಟುಹೋದ ಎರಡು ಚಕ್ರದ ಬೌಲಿಂಗ್ ಮೆಷಿನನ್ನು ಮಳೆಗಾಲ ಮುಗಿಯುವ ತನಕ ಶಾಲೆಗೆ ಕೊಡುವುದಾಗಿ ಹೇಳಿದ್ದಾರೆ. ಅದಕ್ಕೆ ಸಿಂಥೆಟಿಕ್ ಬಾಲು ಹಾಕಬಹುದೇ? ಟೆನಿಸ್ ಬಾಲಿಗೆ ಎಲೆಕ್ಟ್ರಿಕ್ ಟೇಪು ಸುತ್ತಿದರೆ ಅದರಿಂದ ಪ್ರಯೋಜನ ಇದೆಯೇ ಎಂದೂ ಹುಡುಗರು ಕೇಳುತ್ತಿದ್ದಾರೆ.

ನೆಟ್ಸ್ ಹಿಂದಿನವನು (ಉತ್ತರ)

ಮೆಷಿನಿಗೆ ಅದಕ್ಕೆಂದೇ ಮಾಡಿದ, ಮೈಮೇಲೆಲ್ಲ ಗುಳಿಗಳಿರುವ ಡಿಂಪಲ್ ಬಾಲನ್ನೇ ಹಾಕಬೇಕು. ಎರಡು ರಬ್ಬರ್ ಚಕ್ರಗಳ ನಡುವೆ ಸಿಕ್ಕ ಚೆಂಡು ಹಿಡಿತ ಸಿಕ್ಕಿದಷ್ಟು ವೇಗದಲ್ಲಿ ಹೊರಬೀಳುತ್ತದೆ. ಸೀಮ್ ಇರುವ ಚೆಂಡಿನಲ್ಲಿ ಸೀಮು ಚಕ್ರಕ್ಕೆ ತಾಗುವ ಬಗೆ ಪ್ರತಿ ಸಲವೂ ಬೇರೆಯಾಗುವುದರಿಂದ ಒಂದು ಚೆಂಡು ಕಾಲಬುಡಕ್ಕೆ ಬಂದರೆ ಇನ್ನೊಂದು ಎದೆಗೆ ಬರುತ್ತದೆ. ಚಕ್ರದ ರಬ್ಬರೂ ಸವೆಯುತ್ತದೆ. ಡಿಂಪಲ್ ಬಾಲುಗಳನ್ನು ಒಂದೇ ಸಲ, ಒಂದೇ ಬಗೆಯವನ್ನು ಕೊಳ್ಳಿ. ಹಳೆಯದು ಹೊಸದು ಬೆರೆತರೆ ಗುಳಿ ಸವೆದದ್ದು ನಿಧಾನವಾಗಿ, ಹೊಸದು ವೇಗವಾಗಿ ಬರುತ್ತದೆ. ಒದ್ದೆಯಾದ ಚೆಂಡು ಚಕ್ರದಲ್ಲಿ ಜಾರುವುದರಿಂದ ನಿಮ್ಮ ಹವೆಯಲ್ಲಿ ಪ್ರತಿ ಸುತ್ತಿಗೂ ಟವೆಲ್ಲಿನಿಂದ ಒರೆಸಲು ಒಬ್ಬನನ್ನು ನಿಲ್ಲಿಸಬೇಕು. ಈ ಚೆಂಡುಗಳು ಗಟ್ಟಿಯಾಗಿಯೇ ಇರುತ್ತವೆ. ಮೆಷಿನ್ ಇದ್ದ ದಿನ ಲೆದರ್ ಬಾಲಿನಷ್ಟೇ ಎಚ್ಚರ ಬೇಕು, ಹನ್ನೆರಡು ಮೀಟರಿನಲ್ಲಿ ಗಂಟೆಗೆ 65 ಕಿಲೋಮೀಟರ್ ದಾಟಿಸಬೇಡಿ.

ಟೇಪಿನ ವಿಷಯದಲ್ಲಿ ಹುಡುಗರು ಹೇಳಿದ್ದು ಸರಿ. ಕರಾಚಿಯ ಬೀದಿಗಳಲ್ಲಿ ಟೆನಿಸ್ ಬಾಲಿಗೆ ಪೂರ್ತಿ ಟೇಪು ಸುತ್ತಿ ಆಡುವ ಪದ್ಧತಿ ಹುಟ್ಟಿದ್ದೇ ಜುಂಗು ಮುಚ್ಚಿ ಚೆಂಡಿಗೆ ವೇಗ ಕೊಡಲು. ಅರ್ಧ ಮಾತ್ರ ಸುತ್ತಿದರೆ ಚೆಂಡು ಚೆನ್ನಾಗಿ ಸ್ವಿಂಗ್ ಆಗುತ್ತದೆ, ಎಂದರೆ ಗಾಳಿಯಲ್ಲೇ ಪಕ್ಕಕ್ಕೆ ಬಾಗುತ್ತದೆ. ಸ್ವಿಂಗ್ ಎದುರಿಸುವುದನ್ನು ಕಲಿಸಲು ಇಷ್ಟು ಅಗ್ಗದ ಸಾಧನ ಬೇರೆ ಇಲ್ಲ. ಅದನ್ನು ಪೂರ್ತಿ ಟಾಸ್ ಆಗಿ, ನೆಲಕ್ಕೆ ಬೀಳಿಸದೆ ಎಸೆಯಿರಿ. ಆಗ ಪುಟಿತದ ದೋಷ ನಿಮ್ಮನ್ನು ಕಾಡುವುದೇ ಇಲ್ಲ.

ಮ್ಯಾಟಿಂಗ್ ಕಾಲದವನು (ಉತ್ತರ)

ಲೆದರ್ ಬಾಲನ್ನು ಬೆರಳಿಗಷ್ಟೇ ಬಳಸುವುದಾದರೂ ಮಲೆನಾಡಿನಲ್ಲಿ ಅದನ್ನು ಕಾಪಾಡುವುದು ಬೇರೆಯೇ ಕೆಲಸ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಗಾಳಿಯಾಡುವ ಬುಟ್ಟಿಯಲ್ಲಿಡಿ. ಕಾಗದ ಮೆತ್ತಗಾದ ಕೂಡಲೇ ಬದಲಿಸಿ. ಅಡಿಕೆ ಒಣಗಿಸುವ ಅಟ್ಟದ ಮೇಲೆ, ಒಲೆಯ ಹತ್ತಿರ ಇಡಬೇಡಿ, ಚರ್ಮ ಬಿರುಕು ಬಿಡುತ್ತದೆ. ಈ ತಪ್ಪನ್ನು ತೀರ್ಥಹಳ್ಳಿಯ ಅಜ್ಜನ ಮನೆಯಲ್ಲಿ ನಾನು ಮಾಡಿ ಅನುಭವಿಸಿದ್ದೇನೆ.

ಸಾಗರದ ಮೇಷ್ಟ್ರು (ಒಂದು ತಿಂಗಳ ನಂತರ)

ಕೇಳಿದವನು ಫಲಿತಾಂಶವನ್ನೂ ತಿಳಿಸಬೇಕಾದ್ದು ಧರ್ಮವಾದ್ದರಿಂದ ಬರೆಯುತ್ತಿದ್ದೇನೆ. ಗೋಡೆಯ ಮೇಲೆ ಗೆರೆ ಎಳೆದು ಚೆಂಡು ಬಿಡುವ ಪರೀಕ್ಷೆಯನ್ನು ಒಂಬತ್ತನೆಯ ತರಗತಿಯ ಗಣಿತ ಪಾಠವನ್ನಾಗಿಯೇ ಮಾಡಿಬಿಟ್ಟೆ. ಏಳು ಬಗೆಯ ಚೆಂಡು, ಒಂದೊಂದನ್ನು ಹತ್ತು ಸಲ ಬಿಟ್ಟು ಸರಾಸರಿ ತೆಗೆದದ್ದು ಮಕ್ಕಳೇ. ಒಂದೇ ಪೊಟ್ಟಣದಿಂದ ತೆಗೆದ ಎರಡು ಹಾರ್ಡ್ ಟೆನಿಸ್ ಚೆಂಡುಗಳ ನಡುವೆ ಹನ್ನೆರಡು ಸೆಂಟಿಮೀಟರ್ ವ್ಯತ್ಯಾಸ ಬಂದಾಗ ತರಗತಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಂಗಡಿಯವರು ಬಹಳ ಹೊಗಳಿದ ಚೆಂಡು 105 ಸೆಂಟಿಮೀಟರ್ ಪುಟಿದು ಅಲ್ಲಿಗೇ ಅನರ್ಹವಾಯಿತು. ಕೊನೆಗೆ ಹುಡುಗರಿಗೆ ಹದಿನೆಂಟು, ಹುಡುಗಿಯರಿಗೆ ಎಂಟು ಕಿತ್ತಳೆ ಬಣ್ಣದ ಸಿಂಥೆಟಿಕ್ ಚೆಂಡು ತರಿಸಿದೆವು. ಹುಡುಗಿಯರದಕ್ಕೆ ನೀಲಿ ಚುಕ್ಕೆ ಇಟ್ಟಿದ್ದೇವೆ. ಜಾಲರಿ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಒಂದು ಹೆಲ್ಮೆಟ್ಟು ಸೋತಿತು, ಅದನ್ನು ಪಕ್ಕಕ್ಕಿಟ್ಟಿದ್ದೇವೆ.

ಮ್ಯಾಟಿಗೆ ಎಂದಿಟ್ಟ ಹಣ ಪೂರ್ತಿ ಸಾಲಲಿಲ್ಲ. ಸಹಕಾರ ಸಂಘದ ಸಭಾಭವನದಲ್ಲಿ ಸುತ್ತಿಟ್ಟಿದ್ದ ಹಳೆಯ ತೆಂಗಿನ ನಾರಿನ ಹಾಸೊಂದನ್ನು ಬೇಡಿ ತಂದೆವು. ಅದರ ನಡುವೆ ಒಂದು ಹೊಲಿಗೆ ಇದೆ. ಚೆಂಡು ಆ ಹೊಲಿಗೆಯ ಮೇಲೆ ಬಿದ್ದರೆ ಎತ್ತ ಹೋಗುತ್ತದೆಂದು ದೇವರಿಗೇ ಗೊತ್ತು. ನಮ್ಮ ಆಫ್ ಸ್ಪಿನ್ನರ್ ಹುಡುಗ ಈಗಾಗಲೇ ಅದನ್ನೇ ಗುರಿಯಿಟ್ಟು ಹಾಕಲು ಕಲಿತುಬಿಟ್ಟಿದ್ದಾನೆ. ಮೆಷಿನನ್ನು ವಿನಯದಿಂದಲೇ ಬೇಡ ಎಂದೆ, ಡಿಂಪಲ್ ಚೆಂಡಿಗೆ ಹಣ ಉಳಿದಿರಲಿಲ್ಲ. ಹಿರಿಯರು ಹೇಳಿದ ಹಾಗೆ ಕ್ಲಬ್ಬೊಂದರಿಂದ ಒಂಬತ್ತು ಹಳೆಯ ಲೆದರ್ ಚೆಂಡು ಸಿಕ್ಕಿವೆ. ಅವು ಸದ್ಯಕ್ಕೆ ಸ್ಪಿನ್ನರುಗಳ ಕೈಯಿಂದ ಕೈಗೆ ಹೋಗುತ್ತವೆಯೇ ಹೊರತು ನೆಲ ಮುಟ್ಟುತ್ತಿಲ್ಲ. ವಾರಕ್ಕೊಂದು ದಿನ ಅವುಗಳಲ್ಲೇ ಬ್ಯಾಟಿಂಗ್ ಮಾಡಿಸಬೇಕೆಂಬ ಮಾತು ನನಗೂ ಸರಿ ಎನಿಸಿದೆ. ಕಿಟಕಿಗಳಿಗೆ ಹಲಗೆ ಹೊಡೆಸಿದ ಮೇಲೆ, ಆಗಸ್ಟ್ ಎರಡನೆಯ ವಾರದಿಂದ, ಕಾಯುವ ಮಕ್ಕಳನ್ನೆಲ್ಲ ವೇದಿಕೆಯ ಪರದೆಯ ಹಿಂದೆ ಕೂರಿಸಿ, ಶುರುಮಾಡುವವನಿದ್ದೇನೆ. ಕನ್ನಡ ಮೇಡಂ ಅವರಿಗೆ ಆ ದಿನದ ಕೊನೆಯ ಅವಧಿಯನ್ನು ಗ್ರಂಥಾಲಯಕ್ಕೆ ಬದಲಿಸಿ ಕೊಟ್ಟಾಗಿದೆ.